ಒಂದೇ ನಂಬರಿನ ಎರಡು ಫೈಲು

ಹೊಳೆನರಸೀಪುರದ ಡಿಟಿಪಿ ಅಂಗಡಿಯ ಅಕ್ಕನ ಜೊತೆ ನಾನು ಒಮ್ಮೆಯೂ ವಾದದಲ್ಲಿ ಸೋತಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ.

ಅಕ್ಕ ಲಗ್ನಪತ್ರಿಕೆ, ಕ್ರಯಪತ್ರ, ಕೋರ್ಟಿನ ಅರ್ಜಿ ಟೈಪ್ ಮಾಡುತ್ತಿದ್ದರು. ಹಳೇ ಫಾಂಟಿನ ಕನ್ನಡ ಹೊಸ ಕಂಪ್ಯೂಟರಿನಲ್ಲಿ ಬರೀ ಕಸವಾಗಿ ಕಾಣುತ್ತದೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಪ್ರೋಗ್ರಾಮನ್ನು ಗಿರಾಕಿ ಇಲ್ಲದ ಹೊತ್ತಿನಲ್ಲಿ ತಾವೇ ಕಲಿತು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿಗೆ ಬಿಟ್ಟಿದ್ದರು. ನಾನು ಹಾಸನದಲ್ಲಿ ಕೂತು ಅದನ್ನು ಪ್ಯಾಕೇಜು ಮಾಡಿ, ಒಂದು ಉಚಿತ ಆಪರೇಟಿಂಗ್ ಸಿಸ್ಟಮ್ಮಿನ ಭಂಡಾರಕ್ಕೆ ಸೇರಿಸುತ್ತಿದ್ದೆ. ಅಡುಗೆ ಅವರದು, ಬಡಿಸುವುದು ನನ್ನದು.

ಆ ಸಲ ಶುಕ್ರವಾರ ಭಂಡಾರದ ಬಾಗಿಲು ಹಾಕುವವರಿದ್ದರು. ಅಷ್ಟರೊಳಗೆ ಸರಿಯಾಗದ ಪ್ಯಾಕೇಜು ಹೊರಗೆ. ಮತ್ತೆ ಒಳಗೆ ಬರಲು ಎರಡು ವರ್ಷ. ಅಕ್ಕ ಸೋಮವಾರವೇ ಹೊಸ ಆವೃತ್ತಿ ಬಿಟ್ಟರು. ನಾನು ಅದರ ಗುರುತಿನ ಅಂಕಿಯನ್ನು ದಾಖಲಿಸಿ ಸೇರಿಸಿದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಅಂಕಿ ಪೂರ್ತಿ ಬದಲಾಗುತ್ತದೆ, ಅದು ಮನುಷ್ಯರ ಬೆರಳಚ್ಚಿದ್ದ ಹಾಗೆ. ಗುರುವಾರ ಬೆಳಿಗ್ಗೆ ಫೈಲನ್ನು ಮತ್ತೆ ಇಳಿಸಿ ನೋಡಿದರೆ ಬೆರಳಚ್ಚು ಹೊಂದಲಿಲ್ಲ. ಆವೃತ್ತಿಯ ನಂಬರ್ ಅದೇ, ಫೈಲು ಬೇರೆ.

ಇಂಥ ಹೊತ್ತಲ್ಲಿ ಪ್ರೋಗ್ರಾಮು ಬರೆದವರಿಗೇ ಮೊದಲು ಫೋನ್ ಮಾಡುವುದು ನಮ್ಮ ರೂಢಿ. ಆದರೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಕಲಿತದ್ದು, ಎದುರಾಳಿಗೆ ಮುಂಚೆಯೇ ಸುಳಿವು ಕೊಡಬಾರದು ಎಂದು. ಭಂಡಾರದವರೆಲ್ಲ ಓದುವ ಮೇಲಿಂಗ್ ಲಿಸ್ಟಿಗೆ ಬರೆದುಬಿಟ್ಟೆ: ಒಂದೋ ಇದು ಬೇಜವಾಬ್ದಾರಿ, ಇಲ್ಲವೇ ಕೈವಾಡ ಇರಬಹುದು, ಮೂರನೆಯದಿದ್ದರೆ ತೋರಿಸಿ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಅವರಿನ್ನೂ ಮೇಲ್ ನೋಡಿರಲಿಲ್ಲ.

“ಅಲ್ಲಪ್ಪ, ಅರಕಲಗೂಡಿನವ್ರೊಬ್ರು ಹಳೇ ಕ್ರಯಪತ್ರ ತಂದಿದ್ರು. ಒಂದು ಒತ್ತಕ್ಷರ ಒಡೆದೋಗ್ತಿತ್ತು. ಸರಿ ಮಾಡಿ ಅಲ್ಲೇ ಮಡಗ್ದೆ. ಅಷ್ಟಕ್ಕೆಲ್ಲ ನಂಬರ್ ಬದಲಾಯಿಸ್ತಾರಾ? ಪ್ರೂಫ್ ತಿದ್ದುದ್ರೆ ಮದ್ವೆನೇ ಬೇರೆ ಆಗ್ಬುಡ್ತದಾ?”

“ಪತ್ರಿಕೆ ಹಂಚಿದ್ಮೇಲೆ ತಿದ್ದುದ್ರೆ ಊರಲ್ಲಿ ಎರಡು ಮುಹೂರ್ತ ಓಡಾಡ್ತವೆ ಅಕ್ಕ.”

ನಕ್ಕರು. “ಸರಿ ಕಣಪ್ಪ, ಗೆದ್ದೆ. ಮಧ್ಯಾಹ್ನ ಹೊಸ ನಂಬರ್ ಹಾಕ್ತೀನಿ ಬುಡು.”

ಮಧ್ಯಾಹ್ನ ಹೊಸ ನಂಬರ್ ಬರಲಿಲ್ಲ. ಕೈವಾಡದ ಮಾತು ಎದ್ದ ಮೇಲೆ, ಬರೆದವರೇ ಹೊಸ ನಂಬರಿನಲ್ಲಿ ಬಿಡದೆ ಒಪ್ಪುವುದಿಲ್ಲ ಎಂದು ಭಂಡಾರದ ಬಿಡುಗಡೆ ನೋಡಿಕೊಳ್ಳುವ ತಂಡ ಉತ್ತರಿಸಿತ್ತು. ನಾನು ಬಸ್ಸು ಹತ್ತಿದೆ. ಅಂಗಡಿಯಲ್ಲಿ ಅಕ್ಕನ ಎದುರಿಗೆ ನನ್ನ ಮೇಲ್ ತೆರೆದಿತ್ತು.

“ಕೈವಾಡ ಅಂದ್ರೇನಪ್ಪ?”

“ಇರಬಹುದು ಅಂತ ಬರೆದಿದ್ದೀನಿ ಅಕ್ಕ.”

“ನಾನು ಜನರ ಜಮೀನಿನ ಕಾಗದ ಟೈಪ್ ಮಾಡೋಳು. ಅವಳು ತಿದ್ದಿರಬಹುದು ಅಂತ ಒಬ್ಬ ಅಂದ್ರೆ ಸಾಕು, ನಾಳೆಯಿಂದ ಈ ಬಾಗಿಲಿಗೆ ಯಾರೂ ಬರಲ್ಲ. ತಪ್ಪಾಯ್ತು ಅಂತ ಅಲ್ಲೇ ಬರಿ. ಇಲ್ಲೇ ಕೂತಿರು, ನಂಬರ್ ಹಾಕಿ ಕೊಡ್ತೀನಿ.”

ನಿಯಮ ಮುರಿದವರು ಅವರು, ತಪ್ಪಾಯಿತು ಎನ್ನುವವನು ನಾನೇ? ಎರಡೇ ವಾಕ್ಯ ಬರೆದಿದ್ದರೆ ಮುಗಿಯುತ್ತಿತ್ತು. ನಾನು ವಾದಿಸಿದೆ. ಅನುಮಾನಕ್ಕೂ ಆರೋಪಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಚನ್ನರಾಯಪಟ್ಟಣದ ಯಾರದೋ ಲಗ್ನಪತ್ರಿಕೆಯ ಕಡೆ ತಿರುಗಿದರು.

“ನೀನೇಳೋದೆಲ್ಲ ಸರಿನೇ. ಬಸ್ ಒಂಟೋಯ್ತದೆ, ನೋಡು.”

ಶುಕ್ರವಾರ ಪ್ಯಾಕೇಜನ್ನು ತೆಗೆದುಹಾಕಿದರು. ಶನಿವಾರ ಅಕ್ಕ ಪ್ರೋಗ್ರಾಮಿನ ಪಾಸ್‌ವರ್ಡು, ಕೀಲಿಯನ್ನೆಲ್ಲ ನನಗೆ ವರ್ಗಾಯಿಸಿ ಒಂದು ಸಾಲು ಬರೆದರು: ನಿಯಮ ಗೊತ್ತಿರುವವರೇ ನೋಡಿಕೊಳ್ಳಲಿ. ಕ್ಷಮೆಯ ಮೇಲನ್ನು ನಾನು ಬರೆದದ್ದು ಆಮೇಲೆ. ಅಷ್ಟರಲ್ಲಿ ಅವರು ಲಿಸ್ಟನ್ನೇ ಬಿಟ್ಟಿದ್ದರು.

ಈಗ ಅಡುಗೆಯೂ ನನ್ನದೇ, ಬಡಿಸುವುದೂ ನನ್ನದೇ. ನಂಬರ್ ತಪ್ಪದೆ ಬದಲಾಗುತ್ತದೆ, ಬೆರಳಚ್ಚು ಪ್ರತಿ ಸಲ ಹೊಂದುತ್ತದೆ. ಮದುವೆ ಬೇರೆ ಆಗುತ್ತದಾ ಎಂದು ಕೇಳುವವರಿಲ್ಲ. ಹೋದ ವಾರ ದಂಡಿಗನಹಳ್ಳಿಯಿಂದ ಯಾರೋ ಹಳೇ ವಿಭಾಗಪತ್ರದ ಫೈಲು ಕಳಿಸಿದ್ದಾರೆ, ಅರ್ಧ ಒತ್ತಕ್ಷರಗಳು ಒಡೆದಿವೆ. ಅಕ್ಕನಾಗಿದ್ದರೆ ನೋಡಿದ ಕೂಡಲೇ ಯಾವ ಫಾಂಟಿನ ಯಾವ ಕಾಲದ್ದು ಎಂದು ಹೇಳುತ್ತಿದ್ದರು. ನಾನು ಮೂರು ದಿನದಿಂದ ಕೂತಿದ್ದೇನೆ, ಒಂದನ್ನು ಸರಿ ಮಾಡಿದರೆ ಇನ್ನೊಂದು ಒಡೆಯುತ್ತಿದೆ. ಅವರ ಫೋನ್ ನಂಬರ್ ನನ್ನ ಹತ್ತಿರ ಇದೆ, ಮಾಡಿಲ್ಲ.

ಪರಿಶೀಲಿಸುತ್ತಿದ್ದೇವೆ ಎಂದು ದಂಡಿಗನಹಳ್ಳಿಯವರಿಗೆ ಬರೆದು ಕಳಿಸಿದೆ. ಇರುವವನು ನಾನೊಬ್ಬನೇ.