ಗೆರೆ ಎಳೆಯದ ಮುತ್ತನ ಗೆರೆ

"ರತ್ನಾಕರ ಮನೆಯೊಳ್ಗೆ ಬಂದ್ರೆ, ಹೋಪತಿಗೆ ಎಂತಾರೂ ಒಂದ್ ತಕಂಡೇ ಹೋತ" ಅಂತ ತೆಕ್ಕಟ್ಟೆಯ ನೆರೆಕರೆಯವರು ಹೇಳುತ್ತಿದ್ದರು. ಕಳ್ಳ ಅಂತಲ್ಲ ಮತ್ತೆ, ಬರೇ ಮರೆವು. ಬಲಗಾಲಿಗೆ ತನ್ನದು, ಎಡಗಾಲಿಗೆ ಪಕ್ಕದ ಮನೆ ಮುತ್ತನ ಚಪ್ಪಲಿ ಮೆಟ್ಟಿಕೊಂಡು ಕುಂದಾಪುರಕ್ಕೆ ಹೋಗಿ ಬಂದ ಆಸಾಮಿ.

ಕಂಪ್ಯೂಟರ್ ಕಲಿತವ, ೨೦೦೨ರಲ್ಲಿ 'ಬಾಳೆಲೆ' ಅಂತ ಒಂದು ಪ್ರೋಗ್ರಾಂ ಬರೆದ. ಮದುವೆಗೆ ಎಷ್ಟು ಜನ ಅಂತ ಹೇಳಿದರೆ ಸಾಕು, ಅಕ್ಕಿ ಎಷ್ಟು, ತೆಂಗಿನಕಾಯಿ ಎಷ್ಟು, ಉಪ್ಪಿನಕಾಯಿ ಎಷ್ಟು, ಎಲ್ಲ ಹೇಳಿಬಿಡುತ್ತಿತ್ತು. ಅದನ್ನು ಮೊದಲು ಹಾಕಲು ಹೋದದ್ದು ಕುಂದಾಪುರದ ಕುಸುಮಾವತಿಯ ಡಿಟಿಪಿ ಸೆಂಟರಿಗೆ. ಮದುವೆ ಕಾಗದ ಮಾಡಿಸುವವರೆಲ್ಲ ಅಲ್ಲಿಗೇ ಬರುತ್ತಾರಲ್ಲ ಅಂತ ಬಾಯಲ್ಲಿ ಹೇಳಿದ. ಕುಸುಮಾವತಿಯ ಎದುರು ಅರ್ಧ ಗಂಟೆ ಕೂರುವ ಆಸೆ ಅಂತ ಕಂಪ್ಯೂಟರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ಬಾಳೆಲೆ ಚೆನ್ನಾಗಿಯೇ ಓಡಿತು. ಆದರೆ ಕುಸುಮಾವತಿಯ ಕನ್ನಡ ಟೈಪಿಂಗ್ ಪ್ರೋಗ್ರಾಂ ಮುಷ್ಕರ ಹೂಡಿತು. ಎರಡಕ್ಕೂ ಓಡಲು ಒಂದೇ ರನ್‌ಟೈಮ್ ಫೈಲ್ ಬೇಕು. ರತ್ನಾಕರನ ಫ್ಲಾಪಿಯಲ್ಲಿದ್ದ ಹಳೇ ಫೈಲ್, ಅವಳ ಹೊಸ ಫೈಲಿನ ಜಾಗದಲ್ಲಿ ಹೋಗಿ ಕೂತಿತ್ತು.

"ತೆಗ್ದ್ ಬಿಡಿ ರತ್ನಾಕರ್ರೆ," ಅಂದಳು.

ತೆಗೆದ. ಬಾಳೆಲೆ ಹೋಯಿತು, ಹೋಗುವಾಗ ಆ ಫೈಲನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಯಿತು. ಯಜಮಾನನ ಬುದ್ಧಿಯೇ ಅದಕ್ಕೂ!

ಮದುವೆ ಕಾಗದಕ್ಕೆ ಕಾದು ಕೂತಿದ್ದ ಚಂದಯ್ಯ, ಮದುವೆ ಹೆಣ್ಣಿನ ಮಾವ, ಕೇಳಿದ, "ಎಂತ, ಮದಿ ಆಪುದಾ, ಇಲ್ಯಾ?"

"ಮದಿ ಆತ್ತ್ ಮಾರಾಯ್ರೆ, ಕಾಗ್ದ ಆಪುದಿಲ್ಲ!" ಅಂತ ಹೇಳಿ ಕುಸುಮಾವತಿ ತನ್ನ ಸೀಡಿ ಹುಡುಕಿ ಎಲ್ಲ ಹೊಸದಾಗಿ ಹಾಕಿದಳು. ಆಮೇಲೆ ಇವನ ಕಡೆ ತಿರುಗಿ, "ಸೋಮವಾರ ಬನ್ನಿ. ನಿಮ್ದ್ ಹಾಕಿ, ತೆಗ್ದ್ ತೋರ್ಸಿ. ನನ್ ಟೈಪಿಂಗ್ ಬದ್ಕಿದ್ರೆ ದಿನಾ ಬನ್ನಿ. ಸತ್ರೆ ಈ ಮೆಟ್ಲ್ ಹತ್ತುದ್ ಬೇಡ."

ರತ್ನಾಕರ ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತ. ತಾಯಿ ಅಮ್ಮಣ್ಣಿ ಸಂಗತಿ ಕೇಳಿ, ಮೂಲೆಯ ದೊಡ್ಡ ಕೊಪ್ಪರಿಗೆ ತೋರಿಸಿದಳು. ಅದು ಇಡೀ ಕೇರಿಯ ಪಾಯಸದ ಕೊಪ್ಪರಿಗೆ. ಬೇಕಾದವರು ಗೋಡೆಯ ಮೇಲೆ ಮಸಿಯಲ್ಲಿ ಒಂದು ಗೆರೆ ಎಳೆಯಬೇಕು, ಕೆಲಸ ಮುಗಿದವರು ತಮ್ಮ ಗೆರೆ ಮಾತ್ರ ಒರೆಸಬೇಕು. ಒಂದು ಗೆರೆ ಉಳಿದಿದ್ದರೂ ಕೊಪ್ಪರಿಗೆ ಕೇರಿ ಬಿಟ್ಟು ಹೋಗುವಂತಿಲ್ಲ.

"ದೊಡ್ಡ್ ಕೊಪ್ಪರ್ಗೆ ಇಪ್ಪತಿಗೆ ನಿನ್ ತೂತ್ ಪಾತ್ರೆ ತಂದ್ ಅದ್ರ ಜಾಗ್ದಗೆ ಇಡ್ತ್ಯಾ?"

"ಇಲ್ಲೆ."

"ಗೋಡೆ ಮೇಲ್ ಗೆರೆ ಇಪ್ಪತಿಗೆ ಹೊತ್ಕಂಡ್ ಹೋತ್ಯಾ?"

"ಇಲ್ಲೆ. ಆದ್ರೆ ಅಮ್ಮ, ಅವ್ಳ ಪ್ರೋಗ್ರಾಂ ಗೆರೆಯೇ ಎಳೀಲಿಲ್ಲ! ನನ್ದ್ ಒರ್ಸಿದ್ರೆ ಸೊನ್ನೆ ಆತ್ತ್."

"ಮುತ್ತ ಯಾವತ್ತಾರೂ ಗೆರೆ ಎಳ್ದಿದ್ನಾ? ಸೋಂಬೇರಿ! ಅದ್ಕೇ ಅವ್ನ್ ಹೆಸ್ರಲ್ಲಿ ನಾನೇ ಒಂದ್ ಎಳ್ದಿದ್ದೆ. ಅದನ್ನ್ ಒರ್ಸುದೇ ಇಲ್ಲ."

ರತ್ನಾಕರ ಎದ್ದವನೇ ಬಾಳೆಲೆಯನ್ನು ಹಾಕುವ, ತೆಗೆಯುವ ಇನ್‌ಸ್ಟಾಲರ್ ಸ್ಕ್ರಿಪ್ಟ್ ತಿದ್ದಿದ. ಫೈಲ್ ಮೊದಲೇ ಇದ್ದರೆ ಯಾವುದು ಹೊಸದು ನೋಡು, ಅಲ್ಲಿರುವುದೇ ಹೊಸದಾದರೆ ಮುಟ್ಟಬೇಡ. ಆ ಫೈಲ್ ಎಷ್ಟು ಪ್ರೋಗ್ರಾಂಗೆ ಬೇಕು ಅನ್ನುವ ಎಣಿಕೆಗೆ ನಿನ್ನದೊಂದು ಗೆರೆ ಸೇರಿಸು. ಫೈಲ್ ಇದ್ದೂ ಯಾರ ಗೆರೆಯೂ ಇಲ್ಲದಿದ್ದರೆ ಮುತ್ತನದೂ ಒಂದು ಎಳೆ. ಹೋಗುವಾಗ ನಿನ್ನದು ಮಾತ್ರ ಒರೆಸು, ಗೆರೆ ಉಳಿದಿದ್ದರೆ ಫೈಲನ್ನು ಬಿಟ್ಟು ಹೋಗು.

ಸೋಮವಾರ ಹಾಕಿದ, ತೆಗೆದ. ಪರದೆಯ ಮೇಲೆ ಒಂದು ಸಾಲು ಮೂಡಿತು: 'ಕೊಪ್ಪರ್ಗೆ ಇಲ್ಲೇ ಇತ್ತ್, ಹೆದ್ರುದ್ ಬೇಡ.' ಕುಸುಮಾವತಿ ಟೈಪಿಂಗ್ ತೆರೆದಳು. ತೆರೆಯಿತು! ಅವಳು ನಕ್ಕ ನಗೆಗೆ ರತ್ನಾಕರ ತನ್ನ ಫ್ಲಾಪಿಯನ್ನು ಅಲ್ಲೇ ಮರೆತು ಬಂದ. ಬಿಟ್ಟು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಅದನ್ನು ತರುವ ನೆಪದಲ್ಲಿ ಮರುದಿನ ಹೋದ, ಅದರ ಮರುದಿನವೂ ಹೋದ.

ಮರುವರ್ಷ ಅವರ ಮದುವೆಯ ಕಾಗದವೂ ಅಲ್ಲೇ ಅಚ್ಚಾಯಿತು. ಕುಸುಮಾವತಿ ಅಂಗಡಿ ಬಿಟ್ಟು ಬರುವವಳಲ್ಲ, ಹಾಗಾಗಿ ಮದುವೆಯಾದ ಮೇಲೆ ಇವನೇ ಅವಳ ಮನೆಗೆ ಹೊರಟ. ರಿಕ್ಷಾ ಅಂಗಳಕ್ಕೆ ಬಂತು. ಹೊಸ ಸಂಸಾರಕ್ಕೆ ಇರಲಿ ಅಂತ ರತ್ನಾಕರ ಕೊಪ್ಪರಿಗೆಯನ್ನು ತಲೆ ಮೇಲೆ ಹೊತ್ತ.

"ಮಗಾ, ಗೋಡೆ ಕಂಡ್ಯಾ?" ಅಂದಳು ಅಮ್ಮಣ್ಣಿ.

ಎಲ್ಲರ ಗೆರೆಯೂ ಒರೆಸಿತ್ತು, ಒಂದನ್ನು ಬಿಟ್ಟು. ಬೇಲಿಯ ಆಚೆಯಿಂದ ಮುತ್ತ ಕೂಗಿದ, "ಹ್ವಾಯ್! ಬಪ್ಪ ಶನಿವಾರ ನಮ್ಮನೇಲಿ ಪಾಯ್ಸ ಇತ್ತ್ ಮಾರಾಯ, ಕೊಪ್ಪರ್ಗೆ ಬೇಕ್!"

ರತ್ನಾಕರ ಕೊಪ್ಪರಿಗೆಯನ್ನು ಇಳಿಸಿ, ಮೂಲೆಗಿಟ್ಟು, ತಾಯಿಯ ಕಾಲು ಮುಟ್ಟಿ, ಬರಿಗೈಯಲ್ಲಿ ಹೊಸ್ತಿಲು ದಾಟಿ ರಿಕ್ಷಾ ಹತ್ತಿದ. "ಅಂತೂ ಎಂತದೂ ತಕಂಡ್ ಹೋಯ್ಲಿಲ್ಲ ಕಾಣಿ" ಅಂತ ನೆರೆಕರೆಯವರು ಬಾಯಿ ಮುಚ್ಚುವುದರೊಳಗೆ, ಮುತ್ತ ಒಂದೇ ಕಾಲಿನ ಚಪ್ಪಲಿಯಲ್ಲಿ ರಿಕ್ಷಾದ ಹಿಂದೆ ಓಡುತ್ತಿದ್ದ.