ಗಾಡಿಮನೆಗೆ ಚಪ್ಪಲಿ ಹಾಕಿಕೊಂಡು

ನಮ್ಮತ್ತೆ ಮಾದಮ್ಮನಿಗೆ ಹಠ ಹಿಡಿಯುವುದೆಂದರೆ ಎಲೆ ಅಡಿಕೆ ಹಾಕಿಕೊಂಡಷ್ಟು ಸಲೀಸು. ಸೊಸೆಯಾಗಿ ಬಂದ ದಿನದಿಂದ ಅನುಭವಿಸುತ್ತಿದ್ದೇನೆ. ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದು ಬಂದ ಮೊದಲ ಸಂಬಳದಲ್ಲಿ ಜೊತೆಯವರೆಲ್ಲ ಸೀರೆ ಕೊಂಡರೆ ಇವರು ಕೊಂಡದ್ದು ಚಪ್ಪಲಿ. ಇವತ್ತಿಗೂ ಹಿತ್ತಲಿಗೆ ಹೋಗಬೇಕಾದರೂ ಕಾಲಿಗೆ ಚಪ್ಪಲಿ ಬೇಕು.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಹಳೆಯ ಗಾಡಿಮನೆಯೊಂದಿದೆ. ಬಸ್ಸು ಅಪರೂಪವಾಗಿದ್ದ ಕಾಲದಲ್ಲಿ ಜಟಕಾಗಳು ಅಲ್ಲಿ ನಿಂತು ಕುದುರೆ ಬದಲಿಸುತ್ತಿದ್ದವು. ಆ ಕುದುರೆಗಳಿಗೆ ಹುಲ್ಲು ಹೊತ್ತು ತರುತ್ತಿದ್ದವರು ಅತ್ತೆಯ ಅಪ್ಪ ಹುಚ್ಚಯ್ಯ. ಹುಲ್ಲು ಒಳಗೆ ಹೋಗುತ್ತಿತ್ತು, ಹೊತ್ತವರು ಜಗಲಿ ಹತ್ತುವಂತಿರಲಿಲ್ಲ. ಅದರ ಮುಂದೆ ಹಾಯುವಾಗ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ಹಿಂದೆ ಹಿಂದೆ ನಡೆದುಹೋಗುತ್ತಿದ್ದ ಪುಟ್ಟ ಮಗಳು ಅಪ್ಪನ ಆ ಬರಿಗಾಲನ್ನು ಇನ್ನೂ ಮರೆತಿಲ್ಲ.

ಈಗ ಆ ಗಾಡಿಮನೆಯನ್ನು ರಿಪೇರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಹೋದ ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋದೆ. ಜಗಲಿಯ ಮೆಟ್ಟಿಲಲ್ಲೇ ಕಾವಲಿನ ಶಿವರಾಜು ತಡೆದ.

“ಅಜ್ಜಿ, ಚಪ್ಲಿ ಇಲ್ಲೇ ಬುಡಿ.”

“ಬುಡಾಕಿಲ್ಲ ಕಣಪ್ಪ.”

“ಎಲ್ಲಾರ್ಗೂ ಒಂದೇ ರೂಲ್ಸು ಕಣಜ್ಜಿ. ಗಾರೆ ನೆಲ, ಗೀರು ಬೀಳ್ತದೆ.”

ಅವನದೇನೂ ತಪ್ಪಿರಲಿಲ್ಲ. ನನ್ನ ಚಪ್ಪಲಿ ಆಗಲೇ ರ‍್ಯಾಕಿನಲ್ಲಿತ್ತು. ಹಿಂದೆ ಜನ ನಿಂತಿದ್ದರು, ನಾನು ನಾಚಿಕೆಯಿಂದ ಹಿಡಿಯಾದೆ. “ಬುಡಿ ಅತ್ತೆ, ಎಲ್ಲಾ ನೋಡ್ತಾವ್ರೆ,” ಎಂದೆ.

“ನೋಡ್ಲಿ. ನಮ್ಮಪ್ಪಂಗೂ ರೂಲ್ಸು ಅಂತ್ಲೇ ಏಳಿದ್ರು,” ಎಂದವರೇ ಒಳಗಿನ ಗಾಜಿನ ಪೆಟ್ಟಿಗೆಯತ್ತ ಕೈ ಮಾಡಿದರು. ಅದರಲ್ಲಿ ಗಾಡಿಮನೆಯ ಯಜಮಾನನ ಹಳೇ ಚಪ್ಪಲಿ ಜೋಡು ಇತ್ತು, ಅದಕ್ಕೊಂದು ದೀಪ ಬೇರೆ. “ಆವಯ್ಯನ ಜೋಡು ಒಳಗಿರ್ಬೌದು, ನಂದು ಓಗ್ಬಾರ್ದಾ?”

ಶಿವರಾಜು ಜೋಡು ನೋಡಿದ, ಅತ್ತೆಯ ಕಾಲು ನೋಡಿದ. “ಮೇಲಿನೋರು ಕೇಳುದ್ರೆ ನಾನೇನಂತ ಏಳ್ಲಿ?”

“ಉಚ್ಚಯ್ಯನ ಮಗಳು ಬಂದಿದ್ಲು ಅಂತ ಏಳು.”

ಅವನು ಪಕ್ಕಕ್ಕೆ ಸರಿದ. ಅತ್ತೆ ಯಾವ ಕೋಣೆಯನ್ನೂ ಬಿಡಲಿಲ್ಲ. ಕುದುರೆಲಾಯ, ಯಜಮಾನನ ಮಂಚ, ಲಾಂದ್ರ, ಚಾವಟಿ ಎಲ್ಲದರ ಮುಂದೆಯೂ ಚಟಪಟ ಸದ್ದು ಮಾಡಿಕೊಂಡೇ ನಡೆದರು. ಕೊನೆಗೆ ಜಗಲಿಗೆ ಬಂದು, ಕಂಬಕ್ಕೆ ಒರಗಿ ಕೂತು, ಎರಡೂ ಚಪ್ಪಲಿ ಕಳಚಿ ತಣ್ಣನೆಯ ನೆಲದ ಮೇಲೆ ಕಾಲು ಚಾಚಿದರು.

ನನಗೆ ರೇಗಿಹೋಯಿತು. “ಇದ್ನ ಆಗ್ಲೇ ಮಾಡುದ್ರೆ ಏನಾಗ್ತಿತ್ತು?”

“ಆಗ ಅವ್ರು ಬುಡು ಅಂದ್ರು ರೋಜಾ. ಈಗ ನಂಗೇ ಬುಡ್ಬೇಕು ಅನ್ನುಸ್ತು.”

ನಾನು ಹೋಗಿ, ರ‍್ಯಾಕಿನಿಂದ ನನ್ನ ಚಪ್ಪಲಿ ತೆಗೆದು ಕಾಲಿಗೆ ಹಾಕಿಕೊಂಡು ಬಂದೆ. ಆಮೇಲೆ ಅವರದರ ಪಕ್ಕದಲ್ಲಿ ಬಿಟ್ಟು ಕೂತೆ.