ಈ ಹಾಡು ತೆಗೆಯಬೇಕೇ?

ಕೊಟ್ಟೂರಿನ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಐದು ಕಂಪ್ಯೂಟರುಗಳಿದ್ದವು. ಒಂದಕ್ಕೊಂದು ವೈರು ಎಳೆದಿದ್ದೆ. ಯಾವ ಹಾಡು ಯಾವುದರಲ್ಲಿದ್ದರೂ ಎಲ್ಲರೂ ಕೇಳಬಹುದಿತ್ತು. ಆದರೆ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಲು ಮಾತ್ರ ಪ್ರತಿಯೊಬ್ಬರೂ ನನ್ನನ್ನೇ ಕೂಗುತ್ತಿದ್ದರು. ತಲೆ ಕೆಟ್ಟು ನಾನೇ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಹಾಡು ಆರಿಸಿದರೆ ಅದು ಕನ್ನಡದಲ್ಲೇ ಕೇಳುತ್ತಿತ್ತು: ‘ಈ ಹಾಡು ತೆಗೆಯಬೇಕೇ?’ ಕೆಳಗೆ ಎರಡು ಗುಂಡಿ, ‘ಹೂಂ’ ಮತ್ತು ‘ಬೇಡ’. ಫೋಟೋ ತೆಗೆ, ಜೆರಾಕ್ಸ್ ತೆಗೆ ಅನ್ನುತ್ತೇವಲ್ಲ, ಹಾಗೆ. ಇನ್ನು ಯಾರಿಗೂ ಹೇಳಿಕೊಡುವ ಗೋಜಿಲ್ಲ ಎಂದು ಬೀಗಿದೆ. ಸಿ.ಡಿ.ಗೆ ಹಾಕಿ ಕೂಡ್ಲಿಗಿ, ಹಡಗಲಿಯ ಅಂಗಡಿಗಳಿಗೂ ಪುಕ್ಕಟೆ ಹಂಚಿ ಬಂದೆ.

ನಮ್ಮ ಓಣಿಯಲ್ಲಿ ನನಗೆ ಅಕ್ಷರ ಕಲಿಸಿದ ಮಾಸ್ತರರಿದ್ದರು. ತೀರಿಹೋದ ಅವರ ಹೆಂಡತಿ ಮಗಳ ಮದುವೆಯಲ್ಲಿ ಹಾಡಿದ ಸೋಬಾನೆ ಪದ ಒಂದು ಕ್ಯಾಸೆಟ್ಟಿನಲ್ಲಿತ್ತು. ಅದನ್ನು ನಾನು ಮೂರನೇ ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದೆ. ಆಮೇಲೆ ಅವರ ಹಳೇ ಟೇಪ್ ರೆಕಾರ್ಡರು ಕ್ಯಾಸೆಟ್ಟಿನ ರೀಲನ್ನೇ ನುಂಗಿಹಾಕಿತು. ಆಕೆಯ ದನಿ ಉಳಿದದ್ದು ನಮ್ಮಲ್ಲಿ ಮಾತ್ರ. ಅದನ್ನು ಒಯ್ಯಲು ಮಾಸ್ತರರು ಅಳಿಯನ ಪೆನ್‌ಡ್ರೈವ್ ಹಿಡಿದು ಬಂದರು. ಮರುದಿನವೂ ಬಂದರು, ಅದರ ಮರುದಿನವೂ. ಹಾಡು ಕೇಳಿ, ಕಣ್ಣೊರೆಸಿಕೊಂಡು, ಗುಂಡಿ ಒತ್ತಿ ಎದ್ದು ಹೋಗುತ್ತಿದ್ದರು. ಶಿಷ್ಯನನ್ನು ಕೇಳಲು ಅವರಿಗೆ ಸಂಕೋಚವಿತ್ತೆಂದು ನನಗೆ ಹೊಳೆಯಲೇ ಇಲ್ಲ. ಕೇಳುವ ಆಸೆಗೆ ಬರುತ್ತಾರೆ ಅಂದುಕೊಂಡೆ.

ಅದೇ ವಾರ ಆ ಮೂರನೇ ಕಂಪ್ಯೂಟರಿಗೆ ವೈರಸ್ ಹತ್ತಿತು. ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡದೆ ಗತಿಯಿರಲಿಲ್ಲ.

“ಎಲ್ರೂ ಹಾಡು ತಕ್ಕಂಡ್ರೇನ್ರಿ?” ಎಂದು ಕೂತವರನ್ನು ಕೇಳಿದೆ.

“ತಕ್ಕಂಡೀವಿ, ಮಾಡ್ರಿ” ಎಂದರು.

ಮಾಸ್ತರರು ಅಲ್ಲಿರಲಿಲ್ಲ. ಮೂರು ದಿನ ಬಂದವರು ತೆಗೆದುಕೊಂಡೇ ಇರುತ್ತಾರೆ ಎಂದು ಅಳಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಅವರು ಬಂದು ಕೂತು ಹುಡುಕಿದರು. ಹಾಡು ಸಿಗಲಿಲ್ಲ. ಪೆನ್‌ಡ್ರೈವ್ ಇಸಿದುಕೊಂಡು ನೋಡಿದೆ. ಅದರಲ್ಲಿ ಏನೂ ಇರಲಿಲ್ಲ.

“ನೀವು ‘ಹೂಂ’ ಒತ್ತಲಿಲ್ಲೇನ್ರಿ ಸರ?”

“ಹೂಂ ಅಂತ ಹೆಂಗ ಒತ್ಲಿ ತಮ್ಮಾ? ಅಕಿ ಹಾಡು ತೆಗಿಬೇಕಾ ಅಂತ ಕೇಳತಿತ್ತು. ಮೂರು ದಿನಾನೂ ಬ್ಯಾಡಪ್ಪಾ ಅಂತಾನ ಒತ್ತೀನಿ.” ಅವರು ಖಾಲಿ ಪರದೆಯನ್ನೇ ನೋಡುತ್ತಿದ್ದರು. “ಆದ್ರೂ ತೆಗೆದುಬಿಡ್ತಲ್ಲ ನಿನ್ನ ಕಂಪ್ಯೂಟರು?”

ನನಗೆ ಅಳು ಬಂತು.

“ಇಲ್ರಿ ಸರ, ಅದು ನಿಮ್ಮ ಮಾತು ಕೇಳೈತಿ” ಎಂದೆ. “ತೆಗೆದವ ನಾನು.”